ಕೊಕ್ಕು ಸೊಟ್ಟ, ಕಾಲು ಡೊಂಕು: ತಪ್ಪು ಸಾಕಿದವರದೋ, ಹ್ಯಾಚರಿಯವರದೋ?

ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆ ಈ ನೋಟ ಹೊಸದೇನಲ್ಲ. ತೂತು ಕೊರೆದ ರಟ್ಟಿನ ಪೆಟ್ಟಿಗೆ, ಒಳಗಿಂದ ಚಿಂವ್ ಚಿಂವ್ ಸದ್ದು. "ಅಪ್ಪಟ ತಳಿ ಸ್ವಾಮಿ, ಕಣ್ಮುಚ್ಚಿ ತಗೊಳ್ಳಿ" ಅಂತ ಮಾರುವವರ ಭರವಸೆ. ಸಂಘದ ಸಾಲವೋ, ಅಂಗಡಿ ಗಲ್ಲಾದಲ್ಲಿ ಉಳಿದ ಕಾಸೋ, ಅಂತೂ ಐವತ್ತು ಮರಿಗೆ ಬಂಡವಾಳ ಬಿದ್ದಾಯಿತು.

ಹದಿನೈದು ದಿನ ಕಳೆಯಲಿ. ನಾಲ್ಕೈದು ಮರಿ ಮಂಡಿಯೂರಿ ತೆವಳುತ್ತವೆ. ಒಂದೆರಡರ ಕೊಕ್ಕು ಕತ್ತರಿಯ ಹಾಗೆ ಅಡ್ಡಾದಿಡ್ಡಿ. ಕಾಳು ಹೆಕ್ಕಲಾರದೆ ಸೊರಗುತ್ತವೆ. ಮಾರಿದವರನ್ನು ಕೇಳಿದರೆ, "ನಿಮಗೆ ಸಾಕೋಕೆ ಬರಲ್ಲ" ಅನ್ನುತ್ತಾರೆ. ಕೊಂಡವರು, "ಕೊಟ್ಟ ಮಾಲೇ ಸರಿ ಇಲ್ಲ" ಅನ್ನುತ್ತಾರೆ. ಜಗಳ ನಡೆಯುತ್ತಿದ್ದ ಹಾಗೇ ಮರಿಗಳು ಸಾಯುತ್ತವೆ.

ಯಾರು ಸರಿ? ಮರಿಯ ಅಂಗವಿಕಲತೆಗೆ ಮುಖ್ಯವಾಗಿ ಮೂರು ಮೂಲಗಳುಂಟು. ತಂದೆತಾಯಿಯ ರಕ್ತ ಒಂದು, ಮೇವು ಇನ್ನೊಂದು, ಕಾವು ಕೊಟ್ಟ ಮೆಷಿನ್ ಮತ್ತು ಮರಿ ಬಿಟ್ಟ ಜಾಗ ಮೂರನೆಯದು. ಯಾವುದು ಯಾವುದೆಂದು ತಿಳಿಯದೆ ಹೋದರೆ ಉಳಿಸಬಹುದಾದ ಮರಿಯನ್ನು ಎಸೆಯುತ್ತೇವೆ, ಎಸೆಯಬೇಕಾದ ರಕ್ತವನ್ನು ಬೆಳೆಸುತ್ತೇವೆ.

ವಾಸಿ ಆಗುವಂಥವು

ಮರಿಯ ಕಾಲುಗಳೆರಡೂ ಆಚೆ ಈಚೆ ಚಾಚಿಕೊಂಡು ಏಳಲಾರದೆ ಬಿದ್ದಿದೆಯೇ? ಬಹುಪಾಲು ಇದು ನೆಲದ ತಪ್ಪು. ಪೇಪರ್ ಹಾಸಿದ ನುಣ್ಣನೆ ನೆಲದಲ್ಲಿ ಕಾಲು ಜಾರಿ ಹೀಗಾಗುತ್ತದೆ. ಮೆಷಿನ್‌ನ ಶಾಖ ಹೆಚ್ಚುಕಮ್ಮಿಯಾದರೂ ಆದೀತು. ಮೊದಲ ಒಂದೆರಡು ದಿನದಲ್ಲೇ ಎರಡೂ ಕಾಲನ್ನು ಮೆತ್ತನೆಯ ಪಟ್ಟಿಯಿಂದ ಸಹಜ ಅಂತರಕ್ಕೆ ಸಡಿಲವಾಗಿ ಕಟ್ಟಿ, ಒರಟು ಗೋಣಿತಾಟಿನ ಮೇಲೆ ಬಿಟ್ಟರೆ ಅನೇಕ ಮರಿಗಳು ನಾಲ್ಕೈದು ದಿನದಲ್ಲಿ ಎದ್ದು ಓಡಾಡುತ್ತವೆ.

ಬೆರಳು ಒಳಕ್ಕೆ ಮುಷ್ಟಿಯಂತೆ ಮಡಚಿಕೊಂಡು ಮಂಡಿ ಮೇಲೆ ನಡೆಯುತ್ತಿದ್ದರೆ ಬಿ-2 ವಿಟಮಿನ್ ಕೊರತೆಯ ಗುಮಾನಿ ಪಡಬೇಕು. ಮರಿಯ ಮೇವಿನಲ್ಲಿ ಅದು ಕಮ್ಮಿ ಇರಬಹುದು, ಮೊಟ್ಟೆ ಇಟ್ಟ ತಾಯಿಕೋಳಿಯ ಮೇವಿನಲ್ಲೇ ಕಮ್ಮಿ ಇದ್ದಿರಲೂಬಹುದು. ಬರೀ ಅಕ್ಕಿನುಚ್ಚು, ಜೋಳ ಎರಚಿದರೆ ಸಾಲದು. ಪಶುವೈದ್ಯರನ್ನು ಕೇಳಿ ಬೇಗ ವಿಟಮಿನ್ ಕೊಟ್ಟರೆ ಮರಿ ಚೇತರಿಸಿಕೊಳ್ಳುತ್ತದೆ. ತಡವಾದರೆ ನರ ಕೆಟ್ಟು ಡೊಂಕು ಹಾಗೇ ಉಳಿಯುತ್ತದೆ.

ಹೊಕ್ಕುಳು ಮುಚ್ಚದೆ ಹಸಿಯಾಗಿದ್ದರೆ ಅದು ಮೆಷಿನ್ ಕಡೆಯ ದೂರು. ಕೋಳಿಮೊಟ್ಟೆಗೆ ಬೇಕಾದ ಕಾವು 21 ದಿನ, ಸುಮಾರು 37.5 ಡಿಗ್ರಿ ಸೆಲ್ಸಿಯಸ್. ಶಾಖ ಏರುಪೇರಾದರೆ, ತೇವ ತಪ್ಪಿದರೆ, ಕೊಳಕು ಸೇರಿದರೆ ಅನುಭವಿಸುವುದು ಮರಿ.

ರಕ್ತದಲ್ಲಿ ಬರುವಂಥವು

ಕತ್ತರಿ ಕೊಕ್ಕು, ಪಕ್ಕಕ್ಕೆ ಬಾಗಿದ ಬೆರಳು. ಇವು ಕೆಲವೊಮ್ಮೆ ಕಾವಿನ ದೋಷದಿಂದ, ಸಾಕಿದ ಜಾಗದ ದೋಷದಿಂದ ಬಂದರೂ ವಂಶದಿಂದ ಇಳಿಯುವುದೂ ಉಂಟು. ಕತ್ತರಿ ಕೊಕ್ಕು ಮೊದಲ ದಿನ ಕೂದಲೆಳೆಯಷ್ಟು ಸೊಟ್ಟ, ತಿಂಗಳಲ್ಲಿ ಪೂರಾ ಅಡ್ಡ. ಆಳವಾದ ಬಟ್ಟಲಲ್ಲಿ ಒದ್ದೆ ಮೇವು ಇಟ್ಟರೆ ಅಂಥ ಮರಿ ಬದುಕೀತು. ಆದರೆ ಮರಿ ಮಾಡಿಸಲು ಮಾತ್ರ ಬೇಡ.

"ಅಪ್ಪ ಅಮ್ಮ ಎರಡೂ ಚೆನ್ನಾಗವೆ, ಮರಿ ಯಾಕೆ ಹಿಂಗೆ?" ಅನ್ನುವವರಿದ್ದಾರೆ. ಹುಂಜ, ಹ್ಯಾಟೆ ಎರಡರಲ್ಲೂ ಒಂದೇ ಕೆಟ್ಟ ಗುಣ ಹೊರಗೆ ಕಾಣದಂತೆ ಅಡಗಿದ್ದರೆ, ಸರಾಸರಿ ನಾಲ್ಕು ಮರಿಗೆ ಒಂದರಂತೆ ಅದು ಹೊರಬೀಳುತ್ತದೆ. ಅಪ್ಪಟ ತಳಿಯಲ್ಲಿ ಈ ಅಪಾಯ ಜಾಸ್ತಿ. ಇರುವುದೇ ನಾಲ್ಕು ಹುಂಜ, ಅವುಗಳಲ್ಲೇ ಅಣ್ಣ-ತಂಗಿ, ಅಪ್ಪ-ಮಗಳು ಕೂಡುತ್ತಾ ಹೋಗುತ್ತವೆ. ಹತ್ತಿರದ ಸಂಬಂಧದಲ್ಲಿ ಮದುವೆ ಬೇಡ ಎಂದು ಡಾಕ್ಟರು ಹೇಳುವುದೇಕೆ? ಕೋಳಿಗೂ ಅದೇ ಲೆಕ್ಕ. ಮೊದಲು ಮೊಟ್ಟೆ ಒಡೆಯುವ ಸಂಖ್ಯೆ ಇಳಿಯುತ್ತದೆ, ಆಮೇಲೆ ಮರಿ ಸೊರಗುತ್ತದೆ, ಆಮೇಲೆ ಅಂಗದೋಷ.

ಕಪ್ಪಗಿದ್ದದ್ದೆಲ್ಲ ಕಡಕ್‌ನಾಥ್ ಅಲ್ಲ

ಈಗ ಕಡಕ್‌ನಾಥ್ ಅಂದರೆ ಜನ ಮುಗಿಬೀಳುತ್ತಾರೆ. ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ ಇದು. ಅಲ್ಲಿನ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮರುವರ್ಷವೇ, 2019ರಲ್ಲಿ, ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಡಕ್‌ನಾಥ್ ಸಾಕಣೆ ಸ್ಕೀಮಿಗೆ ಹಣ ಹೂಡಿದ ರೈತರು ಮೋಸವಾಯಿತೆಂದು ಪೊಲೀಸ್ ಠಾಣೆ ಮೆಟ್ಟಿಲೇರಿದರು. ಹೆಸರಿಗೆ ಬೆಲೆ ಬಂದ ಕಡೆ ಟೋಪಿ ಹಾಕುವವರೂ ಬರುತ್ತಾರೆ.

ಚರ್ಮ, ಮಾಂಸ ಕಪ್ಪಾಗಿಸುವ ಗುಣ ಬಲವಾದದ್ದು. ನಾಟಿ ಕೋಳಿ ಜೊತೆ ಬೆರಕೆಯಾದ ಮರಿಯಲ್ಲೂ ಅದು ಕಾಣಿಸಿಕೊಳ್ಳಬಲ್ಲದು. ಆದ್ದರಿಂದ ಬಣ್ಣ ನೋಡಿ "ಅಪ್ಪಟ" ಅನ್ನುವುದು ಪೆದ್ದತನ. ಅಪ್ಪಟವೇ ಆದರೂ ಆರೋಗ್ಯದ ಗ್ಯಾರಂಟಿ ಅದರಲ್ಲಿಲ್ಲ.

ಗಿರಿರಾಜ, ಸ್ವರ್ಣಧಾರಾ ವಿಷಯ ಬೇರೆ. ಬೆಂಗಳೂರಿನ ಹೆಬ್ಬಾಳದ ವಿಜ್ಞಾನಿಗಳು ರೂಪಿಸಿದ ಈ ಕೋಳಿಗಳು ಮಿಶ್ರತಳಿ. ಮೊಟ್ಟೆಗೆ, ಮಾಂಸಕ್ಕೆ ಒಳ್ಳೆಯವೇ. ಆದರೆ ಮನೆಯಲ್ಲೇ ಅವುಗಳ ಮೊಟ್ಟೆಗೆ ಕಾವು ಕೊಟ್ಟರೆ ಹುಟ್ಟುವ ಮರಿ ಅಪ್ಪನಂತೆ ಬರುವುದಿಲ್ಲ. ಒಂದು ಗಾತ್ರ, ಒಂದು ಬಣ್ಣ ಇರುವುದಿಲ್ಲ. ಅದು ಹ್ಯಾಚರಿಯ ಮೋಸವಲ್ಲ, ಬೆರಕೆಯ ಸ್ವಭಾವ. ಪ್ರತಿ ಸಲ ಹೊಸ ಮರಿ ತರುವುದೇ ದಾರಿ.

ಹಿತ್ತಲಲ್ಲೇ ಮಾಡುವ ಪರೀಕ್ಷೆ

ಎಷ್ಟು ಮರಿ ಬಂತು, ಯಾವ ದಿನ ಯಾವ ದೋಷ ಕಂಡಿತು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ಕೋಳಿಯದೇ ಮೊಟ್ಟೆಗೆ ಕಾವು ಕೊಡಿಸುವವರು ಯಾವ ಹ್ಯಾಟೆಯ ಮೊಟ್ಟೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದೇ ಮೆಷಿನ್, ಒಂದೇ ಮೇವು; ಉಳಿದವುಗಳ ಮರಿ ಸರಿ, ಒಂದೇ ಜೋಡಿಯದು ಮತ್ತೆ ಮತ್ತೆ ಸೊಟ್ಟ ಎಂದಾದರೆ ಗುಮಾನಿ ರಕ್ತದ ಮೇಲೆ. ಆ ಜೋಡಿಯನ್ನು ಸಾರಿಗೆ ಕಳಿಸಿ, ಕಾವಿಗೆ ಬೇಡ. ಎಲ್ಲ ಜೋಡಿಯ ಮರಿಯೂ ಕೆಟ್ಟರೆ ಮೊದಲು ಮೇವು, ಮೆಷಿನ್ ನೋಡಿ.

ತಳಿ ಉಳಿಸುವ ಆಸೆಯಿದ್ದವರು ಮೂರು ಗೂಡು ಮಾಡಲಿ. ಹೆಣ್ಣುಮರಿ ಹುಟ್ಟಿದ ಗೂಡಲ್ಲೇ ಇರಲಿ, ಹುಂಜದ ಮರಿ ಪ್ರತಿ ವರ್ಷ ಪಕ್ಕದ ಗೂಡಿಗೆ ಹೋಗಲಿ. ಹಳೇ ಹುಂಜವನ್ನು ತೆಗೆದುಬಿಡಿ. ಹೀಗೆ ಸುತ್ತು ಹಾಕಿದರೆ ಅಣ್ಣ-ತಂಗಿ ಕೂಡುವುದು ತಪ್ಪುತ್ತದೆ. ಕೋಳಿ ಸಾಕಣೆ ತರಬೇತಿಗೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯೇ ಇದೆ.

ಚೀಟಿ ಅಲ್ಲ, ಬಿಲ್ ಕೇಳಿ

ಇನ್ನು ವ್ಯಾಪಾರದ ಮಾತು. ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದು ಕಿಲೋ ಮೊಳೆಗೂ ಬಿಲ್ ಕೇಳುವ ನಾವು, ಐವತ್ತು ಮರಿ ಕೊಳ್ಳುವಾಗ ಬಾಯಿಮಾತು ನಂಬುತ್ತೇವೆ. ತಳಿಯ ಹೆಸರು, ಮೊಟ್ಟೆ ಒಡೆದ ದಿನಾಂಕ, ಹಾಕಿದ ಲಸಿಕೆ, ಈ ಮೂರೂ ಬಿಲ್‌ನಲ್ಲಿ ಇರಲಿ. ತಾಯಿಕೋಳಿಗಳು ಎಲ್ಲಿವೆ, ಹುಂಜವನ್ನು ಕಡೆಯ ಸಲ ಯಾವಾಗ ಬದಲಾಯಿಸಿದರು ಎಂದು ಕೇಳಿ. ಒಳ್ಳೇ ಹ್ಯಾಚರಿಯವರು ಉತ್ತರ ಕೊಡುತ್ತಾರೆ. ಮುಖ ಸಿಂಡರಿಸಿದರೆ ಮುಂದಿನ ಬಸ್ ಹತ್ತಿ.

ವ್ಯಾಪಾರಕ್ಕಾಗಿ ಕೊಂಡವರು ಗ್ರಾಹಕರಲ್ಲ ಎಂದು ಕಾನೂನು ಹೇಳುತ್ತದೆ, ನಿಜ. ಆದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವರಿಗೆ ವಿನಾಯಿತಿಯಿದೆ. ಸಂಘದ ಸಾಲ ಎತ್ತಿ ಹಿತ್ತಲಲ್ಲಿ ಕೋಳಿ ಸಾಕುವ ಹೆಣ್ಣುಮಗಳು ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ತಟ್ಟಿ ಕೇಳಬಹುದು. ಆದರೆ ಅಲ್ಲಿ ಮೊದಲ ಪ್ರಶ್ನೆಯೇ, "ಬಿಲ್ ಎಲ್ಲಮ್ಮಾ?" ಎಂದು. ಸತ್ತ ಮರಿಯ ಸಾಲದ ಕಂತು ಮಾತ್ರ ಬಿಲ್ ಇದ್ದರೂ ಕಟ್ಟಬೇಕು, ಇಲ್ಲದಿದ್ದರೂ ಕಟ್ಟಬೇಕು.