ಬಾಳ್ ಮತ್ತು ಬಾೞ್: ಶಾಸನಪಾಠದಲ್ಲಿ ಸಮೋಚ್ಚಾರ ಶಬ್ದಗಳು

ಒಂದೇ ಉಚ್ಚಾರಣೆಯುಳ್ಳ ಭಿನ್ನ ಶಬ್ದಗಳ ವಿಚಾರವು ವ್ಯಾಕರಣದ ತರಗತಿಗೆ ಸೇರಿದುದೆಂದು ಇತಿಹಾಸದ ಅಧ್ಯಾಪಕರಾದ ನಾವು ಬಹುಕಾಲ ಭಾವಿಸಿದ್ದೆವು. ಶಾಸನಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟಮೇಲೆ ಆ ಭಾವನೆ ಉಳಿಯಲಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಸುಮಾರು ಕ್ರಿ.ಶ. ೪೫೦ರದೆಂದು ಎಣಿಸುತ್ತಾರೆ. ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜಅರಸನಿಗೆ ಪಲ್ಮಡಿ, ಮೂೞಿವಳ್ಳಿ ಎಂಬ ಊರುಗಳನ್ನು 'ಬಾಳ್ಗೞ್ಚು' ಆಗಿ ಕೊಟ್ಟ ಸಂಗತಿ ಅದರಲ್ಲಿದೆ. ಈ ಪದವನ್ನು ನಾವು ಇಂದಿನ ರೂಢಿಯಂತೆ 'ಬಾಳ್ಗಳ್ಚು' ಎಂದು ಕರಿಹಲಗೆಯ ಮೇಲೆ ಬರೆದು ಅರ್ಥ ಕೇಳಿದೆವು. ಬಾಳು ಕಳಚಿತು, ಎಂದರೆ ವೀರನು ಮಡಿದನು, ಎಂಬ ಉತ್ತರ ಹಲವರಿಂದ ಬಂದಿತು. ಬದುಕಿದ್ದು ದತ್ತಿ ಪಡೆದವನು ನಮ್ಮ ತರಗತಿಯಲ್ಲಿ ಸತ್ತುಹೋದನು! ತಪ್ಪು ವಿದ್ಯಾರ್ಥಿಗಳದಲ್ಲ; ಅಕ್ಷರವನ್ನು ಬದಲಿಸಿದ ನಮ್ಮದು.

ಹಳಗನ್ನಡದಲ್ಲಿ 'ಬಾಳ್' ಎಂದರೆ ಕತ್ತಿ, 'ಬಾೞ್' ಎಂದರೆ ಜೀವಿಸು. ಶಾಸನವನ್ನು ಕೆತ್ತಿದವನಿಗೆ ಈ ಎರಡು ಅಕ್ಷರಗಳ ಭೇದ ತಿಳಿದಿದ್ದಿತು. 'ಮೂೞಿವಳ್ಳಿ' ಎಂಬ ಒಂದೇ ಹೆಸರಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ಬಳಸಿದ್ದಾನೆ. ಆದುದರಿಂದ 'ಬಾಳ್ಗೞ್ಚು' ಪದದ ಮೊದಲ ಭಾಗ ಕತ್ತಿಯೇ ಸರಿ. ಎರಡನೆಯ ಭಾಗವನ್ನು ಅಕ್ಷರವೊಂದೇ ನಿರ್ಣಯಿಸಲಾರದು. ಕಳಚು ಎಂಬರ್ಥದ 'ಕೞಲ್ಚು' ಎಂಬಲ್ಲಿಯೂ ೞಕಾರವುಂಟು. ಅಲ್ಲಿ ಪದದ ಪೂರ್ಣರೂಪವನ್ನೂ ಸಂದರ್ಭವನ್ನೂ ನೋಡಬೇಕು. 'ಕೞ್ಚು' ಎಂದರೆ ತೊಳೆ. ಹೀಗೆ ಬಾಳ್ಗೞ್ಚು ಎಂಬುದು ಕತ್ತಿಯನ್ನು ತೊಳೆದು ವೀರನನ್ನು ಗೌರವಿಸಿ ಕೊಡುವ ದತ್ತಿ.

ೞಕಾರವು ಕ್ರಮೇಣ ಬಳಕೆಯಿಂದ ಜಾರಿ, ಬಹುಮಟ್ಟಿಗೆ ಳಕಾರದಲ್ಲಿ ಬೆರೆಯಿತು. ೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಪದಗಳನ್ನು ಪಟ್ಟಿಮಾಡಿ ಹೇಳಿರುವುದು ಗಮನಾರ್ಹ. ಕಿವಿ ತಾನಾಗಿ ಹಿಡಿಯುತ್ತಿದ್ದರೆ ಪಟ್ಟಿಯ ಅಗತ್ಯವೆಲ್ಲಿ? ಱಕಾರದ ಗತಿಯೂ ಇದೇ. ಹಾಲು 'ಕಱೆ', ಜನರನ್ನು 'ಕರೆ' ಎಂಬಿವು ಇಂದು ಒಂದೇ ಆಗಿವೆ. ತಿಳಿ ಎಂಬರ್ಥದ 'ಅಱಿ', ಕತ್ತರಿಸು ಎಂಬರ್ಥದ 'ಅರಿ', ಶತ್ರುವೆಂಬರ್ಥದ ಸಂಸ್ಕೃತದ 'ಅರಿ' ಇವು ಮೂರೂ ಒಂದೇ ರೂಪ ತಾಳಿವೆ.

ಇವನ್ನು ನಾನಾರ್ಥಪದಗಳೊಡನೆ ಬೆರೆಸಬಾರದು. ಮುಖದ ಕಣ್ಣು, ತೆಂಗಿನಕಾಯಿಯ ಕಣ್ಣು ಎಂಬಲ್ಲಿ ಪದ ಒಂದೇ, ಅರ್ಥ ಹರಡಿದೆ. ಬಾಳ್, ಬಾೞ್ ಎಂಬಲ್ಲಿ ಪದಗಳೇ ಎರಡು. ಕಾಲವು ಅವನ್ನು ಒಂದಾಗಿ ತೋರಿಸಿದೆ.

ಆದಕಾರಣ ನಾವು ಈಗ ಪಾಠದ ಕ್ರಮವನ್ನು ಬದಲಿಸಿದ್ದೇವೆ. ವಿದ್ಯಾರ್ಥಿಯು ಮೊದಲು ಶಿಲೆಯ ಅಕ್ಷರವನ್ನು ಇದ್ದಂತೆಯೇ ಬರೆದುಕೊಳ್ಳಬೇಕು. ಅದರ ಪಕ್ಕದಲ್ಲಿ ಇಂದಿನ ರೂಪವನ್ನೂ, ಕೊನೆಯಲ್ಲಿ ಸಂದರ್ಭಕ್ಕೆ ಒಪ್ಪುವ ಅರ್ಥವನ್ನೂ ಬರೆಯಬೇಕು. ಕೆಲಸ ನಿಧಾನವಾಗುತ್ತದೆ, ನಿಜ. ಆದರೆ ಒಂದು ಅಕ್ಷರದ ಅಸಡ್ಡೆಯಿಂದ ಗೆದ್ದವನನ್ನು ಸತ್ತವನೆಂದು ಬರೆಯುವ ಇತಿಹಾಸಕ್ಕಿಂತ ಆ ನಿಧಾನವೇ ಲೇಸು.