ಡಾಂಬರಿನ ಮೇಲುಲೇಪ

ಪುಣೆಯಿಂದ ಬೆಂಗಳೂರಿನ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯು ಹಾವೇರಿ, ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಹಾಗೂ ರಾಣೆಬೆನ್ನೂರುಗಳ ಮೂಲಕ ಹಾದುಹೋಗುತ್ತದೆ. ಇಂತಹ ಊರುಗಳಲ್ಲಿ ಗಿರಣಿ, ಉಗ್ರಾಣಗಳ ಅಂಗಳಕ್ಕೆ ಡಾಂಬರು ಹಾಸಿದರೆ ಅದು ಮೊದಲು ಕಾಡಿಗೆಯಂತೆ ಕಪ್ಪಾಗಿ ಹೊಳೆಯುತ್ತದೆ. ನಾಲ್ಕಾರು ಬೇಸಿಗೆ ಕಳೆಯುವಷ್ಟರಲ್ಲಿ ಬೂದಿಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕೂದಲೆಳೆಯಂತಹ ಬಿರುಕುಗಳನ್ನು ತೋರುತ್ತದೆ. ಆಗ ಅದರ ಮೇಲೆ ಮತ್ತೊಂದು ತೆಳುಲೇಪವನ್ನು ಬಳಿಸಬೇಕೆ, ಅಥವಾ ಆ ಹಣವು ವ್ಯರ್ಥವೆ ಎಂಬ ಪ್ರಶ್ನೆ ಮಾಲೀಕನಿಗೆ ಎದುರಾಗುವುದು ಸಹಜ.

ಜನರು ಡಾಂಬರು ಎಂಬ ಒಂದೇ ಹೆಸರಿನಿಂದ ಎರಡು ವಸ್ತುಗಳನ್ನು ಕರೆಯುತ್ತಾರೆ. ಒಂದು, ಕಲ್ಲಿದ್ದಲನ್ನು ಗಾಳಿಯಿಲ್ಲದೆ ಕಾಯಿಸಿದಾಗ ದೊರೆಯುವ ಕೀಲು. ಇನ್ನೊಂದು, ಕಚ್ಚಾ ತೈಲವನ್ನು ಶುದ್ಧೀಕರಿಸಿದಾಗ ಕೊನೆಯಲ್ಲಿ ಉಳಿಯುವ ಬಿಟುಮಿನ್. 1902ರಲ್ಲಿ ಇಂಗ್ಲೆಂಡಿನ ಎಡ್ಗರ್ ಹೂಲಿಯು ಜಲ್ಲಿಗೆ ಕೀಲನ್ನು ಬೆರೆಸಿ ರಸ್ತೆಗೆ ಹಾಸುವ ವಿಧಾನಕ್ಕೆ ಸ್ವಾಮ್ಯವನ್ನು ಪಡೆದನು. ಇಂದಿನ ರಸ್ತೆಗಳಿಗೆ ಬಳಸುವುದು ಬಿಟುಮಿನ್ನನ್ನು. ಅದು ನೀರನ್ನು ತಡೆಯುತ್ತದೆ ಎಂಬುದು ಹೊಸ ಅರಿವಲ್ಲ. ಮೊಹೆಂಜೊದಾರೊದ ಮಹಾ ಸ್ನಾನಕೊಳವನ್ನು ಕಟ್ಟಿದವರು ನೀರು ಸೋರದಂತೆ ಅದನ್ನೇ ಬಳಿದಿದ್ದರು.

ಬಿಟುಮಿನ್ನಿಗೆ ಬಿಸಿಲು ಮತ್ತು ಗಾಳಿ ಶತ್ರುಗಳು. ಗಾಳಿಯಲ್ಲಿರುವ ಆಮ್ಲಜನಕವು ಅದರೊಡನೆ ಕೂಡಿ ಅದನ್ನು ಪೆಡಸಾಗಿಸುತ್ತದೆ. ವಿಚಿತ್ರವೆಂದರೆ, ಸದಾ ವಾಹನಗಳು ಓಡಾಡುವ ರಸ್ತೆಗಿಂತ ಬರಿದೇ ಬಿದ್ದಿರುವ ಅಂಗಳವೇ ಕೆಲವೊಮ್ಮೆ ಬೇಗ ಮುಪ್ಪಾಗುತ್ತದೆ. ಗಾಲಿಗಳ ಒತ್ತಡವು ಮೇಲ್ಮೈಯನ್ನು ನಾದಿದಂತೆ ಮಾಡಿ ಸಣ್ಣ ರಂಧ್ರಗಳನ್ನು ಮುಚ್ಚುವುದೇ ಇದಕ್ಕೆ ಕಾರಣ. ಒಮ್ಮೆ ಬಿರುಕು ಮೂಡಿತೆಂದರೆ ಮುಂಗಾರಿನ ನೀರು ಅದರೊಳಗೆ ಇಳಿದು, ಅಡಿಯ ಜಲ್ಲಿಯನ್ನು ಸಡಿಲಿಸುತ್ತದೆ. ಬಳಿಕ ಗುಂಡಿ ಬೀಳಲು ತಡವಿಲ್ಲ.

ಈ ಭಾಗದ ರೈತರು ಹಂತಿ ಕಟ್ಟುವ ಮುನ್ನ ಕಣವನ್ನು ತುಳಿಸಿ ಗಟ್ಟಿಮಾಡಿ, ಬಳಿಕ ಸಗಣಿಯಿಂದ ಸಾರಿಸುತ್ತಿದ್ದರು. ಕಣವನ್ನು ಗಟ್ಟಿಮಾಡಿದ್ದು ತುಳಿತ. ಸಗಣಿಯು ಮಾಡಿದ್ದು ಸಂದುಗಳನ್ನು ಮುಚ್ಚುವ ಕೆಲಸವನ್ನಷ್ಟೇ. ಡಾಂಬರಿನ ಮೇಲುಲೇಪದ ಗುಣವೂ ಅಂತಹುದೇ. ಅದು ಬಿಸಿಲನ್ನೂ ನೀರನ್ನೂ ತಡೆಯಬಲ್ಲದು, ಆದರೆ ಲಾರಿಯ ಭಾರವನ್ನು ಹೊರಲು ಕಿಂಚಿತ್ತೂ ನೆರವಾಗದು.

ಎರೆಮಣ್ಣಿನ ನೆಲದಲ್ಲಿ ಈ ಮಾತನ್ನು ಮರೆತವರು ಹಣವನ್ನು ಕಳೆದುಕೊಳ್ಳುತ್ತಾರೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ, ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಅದರ ಮೇಲಿನ ಹಾಸು ಒಡೆಯುವುದು ಕೆಳಗಿನಿಂದ. ಮೇಲಿನಿಂದ ಎಷ್ಟು ಬಾರಿ ಬಳಿದರೂ ಬಿರುಕು ಮತ್ತೆ ಮೂಡುತ್ತದೆ. ಅಂತಹ ಕಡೆ ಲೇಪಕ್ಕಾಗಿ ತೆಗೆದಿರಿಸಿದ ಹಣವನ್ನು ಅಡಿಗೆ ಗರಸು ತುಂಬಿಸಲು ಮತ್ತು ನೀರು ಹರಿದುಹೋಗಲು ಗಟಾರ ತೋಡಿಸಲು ವಿನಿಯೋಗಿಸುವುದೇ ಜಾಣತನ.

ಅಡಿಪಾಯವು ಭದ್ರವಾಗಿದ್ದು, ಮೇಲ್ಮೈ ಮಾತ್ರ ಬಣ್ಣಗೆಟ್ಟಿದ್ದರೆ ಲೇಪವು ನಿಜಕ್ಕೂ ಸಾರ್ಥಕ. ಆಗಲೂ ಮೊದಲು ಧೂಳನ್ನು ಗುಡಿಸಿ ತೆಗೆದು, ಬಿರುಕುಗಳನ್ನು ತುಂಬಬೇಕು. ಈ ಕೆಲಸಕ್ಕೆ ಬಿಟುಮಿನ್ನಿನ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಬೆರೆಸಿದ ದ್ರವವನ್ನು ಬಳಸುತ್ತಾರೆ. ಬಳಿಯುವಾಗ ಅದು ಕಂದುಬಣ್ಣದ್ದಾಗಿದ್ದು, ನೀರು ಆರಿದಂತೆಲ್ಲ ಕಪ್ಪಾಗುತ್ತದೆ. ಆರುವುದಕ್ಕೆ ಒಣಹವೆ ಬೇಕಾದುದರಿಂದ ಮಳೆಗಾಲವು ಇದಕ್ಕೆ ತಕ್ಕುದಲ್ಲ. ಹೊಸದಾಗಿ ಹಾಸಿದ ಡಾಂಬರಿಗೆ ಒಡನೆಯೇ ಬಳಿಸುವುದೂ ಸಲ್ಲದು. ವರ್ಷವರ್ಷವೂ ಪದರದ ಮೇಲೆ ಪದರ ಬಳಿಸಿದರೆ ಅದು ಹಪ್ಪಳದಂತೆ ಎದ್ದುಬರುತ್ತದೆ. ಮಳೆಯಲ್ಲಿ ಜಾರುತ್ತದೆ ಕೂಡ.

ಲಾರಿಗಳಿಂದ ತೊಟ್ಟಿಕ್ಕುವ ಡೀಸೆಲು ಬಿಟುಮಿನ್ನನ್ನು ಕರಗಿಸುತ್ತದೆ. ಕಲ್ಲಿದ್ದಲಿನ ಕೀಲು ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಆದುದರಿಂದ ಹಲವು ದೇಶಗಳಲ್ಲಿ ಕೀಲಿನ ಲೇಪಗಳೇ ಬಹುಕಾಲ ಬಳಕೆಯಲ್ಲಿದ್ದವು. ಆದರೆ ಅವುಗಳಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳಿವೆ. ಗಾಲಿಗಳಿಗೆ ಸವೆದ ಲೇಪವು ಧೂಳಾಗಿ ಮನೆಗಳನ್ನೂ ಹಳ್ಳಗಳನ್ನೂ ಸೇರುತ್ತದೆ. ಈ ಕಾರಣದಿಂದ ಅಮೆರಿಕದ ಆಸ್ಟಿನ್ ನಗರವು 2006ರಲ್ಲಿ ಅವನ್ನು ನಿಷೇಧಿಸಿತು.

ಬ್ಯಾಡಗಿಯ ಸೀಮೆಯಲ್ಲಿ ಈ ಎಚ್ಚರವು ಇನ್ನೂ ಅಗತ್ಯ. ಇಲ್ಲಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಕಡುಗೆಂಪು ಬಣ್ಣಕ್ಕೆ ಹೆಸರಾದ, ಮೈಯೆಲ್ಲ ಸುಕ್ಕುಗಟ್ಟಿದ ಆ ಕಾಯಿಯ ಸುಕ್ಕುಗಳಲ್ಲಿ ಸೇರಿಕೊಂಡ ಧೂಳನ್ನು ತೆಗೆಯುವುದು ಸುಲಭವಲ್ಲ. ಮೆಣಸಿನಕಾಯಿಯನ್ನಾಗಲಿ ಗೋವಿನಜೋಳವನ್ನಾಗಲಿ ಹರವುವ ಅಂಗಳಕ್ಕೆ ಡಾಂಬರಿಗಿಂತ ಸಿಮೆಂಟಿನ ನೆಲವೇ ಲೇಸು. ಡಾಂಬರು, ಅದರ ಲೇಪ, ಎರಡೂ ಲಾರಿ ಬಂದುಹೋಗುವ ದಾರಿಗೆ ಸಾಕು.