ಕ್ಯೂಆರ್ ಸ್ಟಿಕ್ಕರ್ ಕಿತ್ತು ಹಾಕ್ಬೇಡಿ, ಲೆಕ್ಕ ಬೇರೆ ಇಡಿ

ಶಿರಂಗಾಲದಲ್ಲಿ ನಮ್ಮ ಪಕ್ಕದ ಜಮೀನಿನ ಹುಡುಗ ರಸ್ತೆ ಬದಿ ತರಕಾರಿ ಇಟ್ಟು ಮಾರ್ತಾನೆ. 2025ರ ಜುಲೈನಲ್ಲಿ ಒಂದು ದಿನ ನೋಡಿದ್ರೆ ಕ್ಯೂಆರ್ ಸ್ಟಿಕ್ಕರ್ ಕಿತ್ತು 'ಕ್ಯಾಶ್ ಮಾತ್ರ' ಅಂತ ರಟ್ಟು ನೇತು ಹಾಕಿದ್ದ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಸಮಯ ಅದು. 'ಅಣ್ಣ, ಶುಂಠಿ ದುಡ್ಡೂ ಇದೇ ನಂಬರಿಗೆ ಬರುತ್ತೆ. ನಂಗೂ ನೋಟಿಸ್ ಬಂದ್ರೆ?' ಅಂದ. ಕಾರಲ್ಲಿ ಬಂದವರು ಕೈಯಲ್ಲಿ ಚಿಲ್ಲರೆ ಇಲ್ಲ ಅಂತ ಹಾಗೇ ಹೋಗ್ತಿದ್ರು.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ.

ಸ್ವಂತ ಬೆಳೆ ಮಾರುವ ರೈತ ಅದಕ್ಕಾಗಿ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 23ನೇ ಸೆಕ್ಷನ್‌ನಲ್ಲೇ ಇದು ಇದೆ. ಕೂಲಿಯವರನ್ನು ಇಟ್ಟು ಬೆಳೆಸಿದರೂ ನಿಮ್ಮ ಉಸ್ತುವಾರಿಯಲ್ಲಿ ಬೆಳೆದರೆ ಸಾಕು. ಹಸಿ ಶುಂಠಿಗೆ, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಮೆಣಸಿನ ಬಗ್ಗೆ ಗೊಂದಲ ಇತ್ತು, ಯಾಕಂದ್ರೆ ಒಣಗಿಸಿದ ಮೆಣಸಿಗೆ ತೆರಿಗೆ ಇದೆ. 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿಯ 55ನೇ ಸಭೆ ಅದನ್ನೂ ಬಿಡಿಸಿತು: ಹಸಿಯಾಗಲಿ ಒಣಗಿದ್ದಾಗಲಿ, ಬೆಳೆದ ರೈತನೇ ಮಾರಿದರೆ ಜಿಎಸ್‌ಟಿ ಇಲ್ಲ.

ತೊಡಕು ಶುರುವಾಗೋದು ಬೇರೆ ಕಡೆ. ಅಕ್ಕಪಕ್ಕದವರ ಮೆಣಸು ಕೊಂಡು ಮಾರಿದರೆ, ಉಪ್ಪಿನಕಾಯಿ, ಶುಂಠಿ ಪುಡಿ ಮಾಡಿ ಮಾರಿದರೆ ಅದು ವ್ಯಾಪಾರ. ಸರಕಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ಮಿತಿ ಇದೆ, ಆದರೆ ಅದನ್ನು ಎಣಿಸುವಾಗ ತೆರಿಗೆ ಇಲ್ಲದ ಮಾಲಿನ ಮಾರಾಟವೂ ಸೇರುತ್ತೆ. ಈ ಥರ ಎರಡೂ ಮಾಡುವವರು ಒಮ್ಮೆ ಆಡಿಟರ್ ಹತ್ರ ಕೂತು ಕೇಳಿ.

ಕ್ಯಾಶ್ ತಗೊಂಡ ಮಾತ್ರಕ್ಕೆ ವಹಿವಾಟು ಕಮ್ಮಿ ಆಗಲ್ಲ, ಕಾನೂನಿಗೆ ಎರಡೂ ಒಂದೇ. ಯುಪಿಐ ಪಟ್ಟಿಯಲ್ಲಿ ಯಾರು, ಎಷ್ಟು ಅಂತ ಇರುತ್ತೆ, ಏನು ಮಾರಿದ್ದು ಅಂತ ಇರಲ್ಲ. ಭಾವ ಕೊಟ್ಟ ಕೈಸಾಲ, ಚೀಟಿ ದುಡ್ಡು, ಟೊಮೆಟೊ ದುಡ್ಡು ಎಲ್ಲಾ ಒಂದೇ ಖಾತೆಗೆ ಬಿದ್ದರೆ ನೋಡುವವನಿಗೆ ಎಲ್ಲವೂ ವ್ಯಾಪಾರದ ಥರ ಕಾಣುತ್ತೆ. ಅದಕ್ಕೆ ಬೆಳೆ ಮಾರಾಟಕ್ಕೆ ಒಂದು ಖಾತೆ, ಮನೆಗೆ ಇನ್ನೊಂದು ಇಟ್ಕೊಳ್ಳಿ. ಉಪ್ಪಿನಕಾಯಿ ಥರದ್ದು ಇದ್ದರೆ ಅದಕ್ಕೆ ಮೂರನೇದು. ಶುಂಠಿ ಕೊಳ್ಳುವವರಿಗೆ ಹಣ ಹಾಕುವಾಗ 'ಹಸಿ ಶುಂಠಿ, 60 ಕೆ.ಜಿ., 20 ಮೂಟೆ' ಅಂತ ಬರೆಯೋಕೆ ಹೇಳಿ. ತೂಕದ ಚೀಟಿ ಫೋಟೊ ತೆಗೆದಿಡಿ, ಆರ್‌ಟಿಸಿಯಲ್ಲಿ ಬೆಳೆ ಸರಿಯಾಗಿ ನಮೂದಾಗಿದೆಯಾ ನೋಡ್ಕೊಳ್ಳಿ.

ನಮ್ಮ ಹುಡುಗ ವಾರದೊಳಗೆ ಹೊಸ ಖಾತೆ ಮಾಡಿಸಿದ. ಸ್ಟಿಕ್ಕರ್ ಮತ್ತೆ ತಕ್ಕಡಿ ಪಕ್ಕ ಬಂದಿದೆ.